ಕಡ್ಡಿಪುಟ್ಟಿ ಓಡಿಬಂದ ಮಧ್ಯಾಹ್ನ

"ಇನ್ನೊಂಚೂರು ಎತ್ತಮ್ಮ, ಕುತ್ತಿಗೆ ವಾಲ್ತಿದೆ," ಎನ್ನುತ್ತ ಮಗಳು ತೀರಿಹೋದ ಅಪ್ಪನ ತಲೆಯಡಿ ದಿಂಬು ಸರಿಸುತ್ತಿದ್ದಳು. ಆಗ ಬಸ್ ಡ್ರೈವರ್ ಖಾಕಿ ತೊಟ್ಟ ಹೆಂಗಸೊಬ್ಬಳು ಬಾಗಿಲಲ್ಲಿ ಬಂದು ನಿಂತಳು. ಒಳಗೆ ಬರಲೋ ಬೇಡವೋ ಎಂಬಂತಿತ್ತು ಅವಳ ನಿಲುವು.

ಅಮ್ಮ ಕಣ್ಣು ಕಿರಿದು ಮಾಡಿ ನೋಡಿದರು. "ಅಯ್ಯೋ, ನಮ್ಮ ಕಡ್ಡಿಪುಟ್ಟಿ ಅಲ್ವೇನೇ! ಬಾ ಒಳಗೆ."

ಮಗಳ ಮುಖ ಬಿಗಿಯಿತು. ಬಾಲ್ಯವಿಡೀ ಅಪ್ಪನ ಬಾಯಲ್ಲಿ ಕೇಳಿ ಕೇಳಿ ಸಾಕಾಗಿದ್ದ ಹೆಸರದು. ಅಗ್ನಿಶಾಮಕ ಠಾಣೆಯಲ್ಲಿದ್ದ ಅಪ್ಪನಿಗೆ ಬೆಂಕಿ ಹಚ್ಚುವ ಮಕ್ಕಳೆಂದರೆ ಅದೇನೋ ಅಕ್ಕರೆ. ನಿವೃತ್ತಿಯಾದ ಮೇಲೂ ಯಾರ ಮನೆಯಲ್ಲಿ ಮಗು ಪರದೆ ಸುಟ್ಟರೂ ಇವರಿಗೇ ಕರೆ. "ಚಿಕ್ಕೋನಿದ್ದಾಗ ನಂಗೂ ಬೆಂಕಿ ಅಂದ್ರೆ ಪ್ರಾಣ. ಅದಕ್ಕೇ ಈ ಕೆಲಸಕ್ಕೆ ಸೇರಿದ್ದು," ಎಂದು ನಗುತ್ತಿದ್ದರು.

*

ವರ್ಷಗಳ ಹಿಂದೆ, ಇನ್ನೂ ಹುಡುಗಿಯಾಗಿದ್ದ ಕಡ್ಡಿಪುಟ್ಟಿ ಹಾಸಿಗೆಗೆ ಎರಡನೇ ಸಲ ಬೆಂಕಿ ಹಚ್ಚಿದ್ದಳು. ಹೊಡೆಯಲು ಎತ್ತಿದ ಅವಳಪ್ಪನ ಕೈಯನ್ನು ಇವರು ಹಿಡಿದುಕೊಂಡರು.

"ಹೊಡೆದ್ರೆ ಕದ್ದು ಹಚ್ತಾಳೆ, ಅಷ್ಟೇ. ಕಡ್ಡಿ, ಲೈಟರ್ ಎಲ್ಲಾ ಬೀಗ ಹಾಕಿಡಿ. ಮಕ್ಕಳ ಮನಸ್ಸು ನೋಡೋ ಡಾಕ್ಟ್ರಿದಾರೆ, ನಾನೇ ಕರ್ಕೊಂಡ್ಹೋಗ್ತೀನಿ."

ಆಮೇಲೆ ಕುಕ್ಕರಗಾಲಲ್ಲಿ ಕೂತು ಹುಡುಗಿಗೆ ಹೇಳಿದರು: "ಹಚ್ಬೇಕು ಅನ್ನಿಸ್ತಾ? ಮೊದ್ಲು ನನ್ ಹತ್ರ ಬಾ. ಬೈಯಲ್ಲ."

ಒಂದು ಮಧ್ಯಾಹ್ನ ಅವಳು ಬಂದೇಬಿಟ್ಟಳು. ಮಗಳ ಶಾಲೆಯ ನಾಟಕಕ್ಕೆ ಹೊರಟು ಅವರು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. ಹುಡುಗಿಯ ಮುಷ್ಟಿಯಲ್ಲಿ ಬೆಂಕಿಪೊಟ್ಟಣ. ಅವರು ಗಡಿಯಾರ ನೋಡಿದರು, ಅವಳನ್ನು ನೋಡಿದರು. ಮೆಟ್ಟಿಲ ಮೇಲೆ ಅವಳ ಪಕ್ಕ ಕೂತುಬಿಟ್ಟರು.

ಅಲ್ಲಿ ರಾಣಿಯ ವೇಷದ ಮಗಳು ಮುಂದಿನ ಸಾಲಿನ ಖಾಲಿ ಕುರ್ಚಿಯನ್ನೇ ನೋಡುತ್ತಿದ್ದಳು. ಮನೆಗೆ ಬಂದು ಮಾತು ಬಿಟ್ಟಳು. "ತಪ್ಪಾಯ್ತು ಕಂದ," ಎಂದರೇ ಹೊರತು ಅಪ್ಪ ಕಾರಣ ಬಿಡಿಸಿ ಹೇಳಲಿಲ್ಲ. ಅದು ಇನ್ನೊಬ್ಬರ ಮನೆಯ ಮಾತು.

*

"ನಿಮ್ಮ ನಾಟಕದ ದಿನ ನಮ್ಮಮ್ಮ ಮನೆ ಬಿಟ್ಟು ಹೋಗಿದ್ಲು ಅಕ್ಕ," ಎಂದಳು ಖಾಕಿಯವಳು, ಹೆಣದ ಬಳಿ ಮಂಡಿಯೂರಿ. "ಒಳಗೆ ತಮ್ಮ ನಿದ್ದೆ ಮಾಡ್ತಿದ್ದ. ಕಡ್ಡಿ ಗೀರೋಕೇ ಹೊರಟಿದ್ದೆ. ಮಾಮನ ಮಾತು ನೆನಪಾಗಿ ಓಡ್ಬಂದೆ."

ಮಗಳು ದಿಂಬಿನಿಂದ ಕೈ ತೆಗೆದು ಅವಳತ್ತ ತಿರುಗಿದಳು. "ತಮ್ಮ... ಈಗ?"

"ಅವನಿಗೀಗ ಅವಳಿ ಮಕ್ಳು. ಮನೆ ತುಂಬಾ ಗಲಾಟೆ."

"ಅವತ್ತು ನಾನು ರಾಣಿ ಆಗಿದ್ದೆ," ಎಂದಳು ಮಗಳು ಮೆಲ್ಲಗೆ.

"ಗೊತ್ತಕ್ಕ. ನಿಮ್ಮ ಮಾತೆಲ್ಲಾ ಮಾಮಂಗೆ ಬಾಯಿಪಾಠ ಆಗಿತ್ತು. ಸಂಜೆವರೆಗೂ ಇಡೀ ನಾಟಕ ಆಡಿ ತೋರಿಸಿದ್ರು, ಆ ದಪ್ಪ ಮೀಸೆ ಇಟ್ಕೊಂಡು ರಾಣಿ ದನೀಲಿ. ನಕ್ಕೂ ನಕ್ಕೂ ಕೈಲಿದ್ದ ಪೊಟ್ಟಣ ಎಲ್ಲಿ ಬಿತ್ತೋ ಗೊತ್ತಾಗ್ಲಿಲ್ಲ."

ಮಗಳು ಫಕ್ಕನೆ ನಕ್ಕಳು. ನಗು ಹಾಗೇ ಅಳುವಾಯಿತು. ಅಮ್ಮ ಇಬ್ಬರ ಬೆನ್ನನ್ನೂ ಸವರಿದರು.

ಶವ ಸಾಗಿಸುವ ವ್ಯಾನು ಬಂತು. "ಹಿಂದೆ ಇಬ್ಬರಿಗೆ ಮಾತ್ರ ಜಾಗ," ಎಂದ ಡ್ರೈವರ್. ಅಮ್ಮ ಮುಂದೆ ಹತ್ತಿದರು. ಮಗಳು ಹಿಂದೆ ಹತ್ತಿ ಕೈ ಚಾಚಿದಳು: "ಬಾರೇ."

ತಿರುವಿನಲ್ಲಿ ವ್ಯಾನು ವಾಲಿತು. ಅಪ್ಪ ಜಾರದ ಹಾಗೆ ಎರಡೂ ಬದಿಯಿಂದ ಇಬ್ಬರೂ ಒಮ್ಮೆಲೇ ಕೈ ಚಾಚಿದರು. ರಸ್ತೆ ನೇರವಾದ ಮೇಲೂ ಕೈ ತೆಗೆಯಲಿಲ್ಲ.