ಮಿಸುಕದ ಗೆರೆ

ಸಂಶೋಧಕಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಏಳುತ್ತಿದ್ದಳು, ಕೂರುತ್ತಿದ್ದಳು, ಕೈಯಲ್ಲಿದ್ದ ಬೆಳ್ಳಿಹಾಳೆಯ ಪೊಟ್ಟಣವನ್ನು ಹೊರಳಿಸುತ್ತ ಪರದೆಯನ್ನು ನುಂಗುವಂತೆ ನೋಡುತ್ತಿದ್ದಳು. ಅವಳಿಜವಳಿಯಂಥ ಎರಡು ಪೊಟ್ಟಣಗಳಿದ್ದವು. ಒಂದರಲ್ಲಿ ಅವಳೇ ಬೆಳೆಸಿದ ಹರಳಿನ ಪುಡಿ, ಅದು ಯಂತ್ರದೊಳಗೆ. ಇನ್ನೊಂದು ಹೋಲಿಕೆಗೆಂದು ಮಾಡಿದ ಖಾಲಿ ಪೊಟ್ಟಣ, ಅದು ಕೈಯಲ್ಲಿ. ಪುಡಿಯೊಳಗೆ ಹೊಕ್ಕ ಮ್ಯೂಯಾನ್ ಕಣಗಳು ಪುಟ್ಟ ದಿಕ್ಸೂಚಿಗಳಿದ್ದಂತೆ. ತೀರ ತಣ್ಣಗಾದಾಗ ಪುಡಿಯಲ್ಲಿ ಕಾಂತತೆ ಮೂಡಿದರೆ ಅವು ದಿಕ್ಕು ತಪ್ಪಿ, ಪರದೆಯ ಗೆರೆ ಕುಸಿಯುತ್ತದೆ. ಬೆಳಗಿನಿಂದ ಗೆರೆ ಮಿಸುಕಿರಲಿಲ್ಲ.

“ಇನ್ನೂ ತಣ್ಣಗೆ ಮಾಡಿ,” ಎಂದು ಪಂಪುಗಳ ಗದ್ದಲದ ಮೇಲೆ ಕೂಗಿದಳು.

“ಇದಕ್ಕಿಂತ ತಣ್ಣಗಾದ್ರೆ ಮೆಷಿನ್ನಿಗೇ ನೆಗಡಿ ಬರುತ್ತೆ, ತಾಯಿ,” ಎಂದ, ಶೈತ್ಯಯಂತ್ರ ನೋಡಿಕೊಳ್ಳುವ ಥಂಡಿಯಣ್ಣ.

ಹಾಗಾದರೆ ಕಾಂತತೆ ಇಲ್ಲವೇ ಇಲ್ಲ! ಇದ್ದೇ ಇರುತ್ತದೆಂಬ ಅವಳ ಮಾರ್ಗದರ್ಶಿ ಮೇಷ್ಟ್ರ ಊಹೆ ಮಣ್ಣುಪಾಲು! ಪೊಟ್ಟಣ ಹಿಡಿದೇ ನಿಶ್ಶಬ್ದವಾಗಿದ್ದ ಮೊಗಸಾಲೆಗೆ ಓಡಿ, ಮೇಷ್ಟ್ರಿಗೆ ಫೋನ್ ಮಾಡಿ ಒಂದೇ ಉಸಿರಿಗೆ ಹೇಳಿಬಿಟ್ಟಳು.

ಮೇಷ್ಟ್ರು ಸಿಟ್ಟಾಗಲಿಲ್ಲ. “ಒಂಚೂರೂ ಇಳಿದಿಲ್ವಾ?” ಎಂದರು.

“ಇಲ್ಲ ಸರ್. ಸ್ಕೇಲ್ ಇಟ್ಟು ಎಳೆದ ಹಾಗಿದೆ.”

“ಯಾವ ಪುಡಿಯಾದ್ರೂ ಸ್ವಲ್ಪ ಇಳಿಯುತ್ತಮ್ಮಾ. ಅಷ್ಟು ನೇರ ಗೆರೆ ಕೊಡೋದು ಬರೀ ಬೆಳ್ಳಿ. ಆ ಖಾಲಿ ಪೊಟ್ಟಣ ಎಲ್ಲಿಟ್ಟಿದ್ದೀಯ?”

“ಇಲ್ಲೇ, ನನ್ನ ಕೈಯಲ್ಲೇ ಇದೆಯಲ್ಲ ಸರ್,” ಎಂದು, ಅವರಿಗೆ ಕಾಣುವುದೇನೋ ಎಂಬಂತೆ, ಪೊಟ್ಟಣವನ್ನು ಫೋನಿನ ಪಕ್ಕದಲ್ಲೇ ಜೋರಾಗಿ ಅಲ್ಲಾಡಿಸಿದಳು.

“ಅದೇನಮ್ಮಾ,” ಎಂದರು ಮೇಷ್ಟ್ರು, “ಒಳಗೆ ಸರಸರ ಅಂತಿದೆ?”