ಗೋಡೆಗೇರಿದ ನೆಲ

ಡಾಕ್ಟರ್ ಮೈಥಿಲಿಯವರು ನಡೆಯುವುದನ್ನು ಮೊದಲ ಸಲ ಕಂಡವರಿಗೆ ಅವರ ಕಾಲಿನಲ್ಲಿ ಏನೋ ಐಬಿದೆ ಅನ್ನಿಸುತ್ತದೆ. ಎರಡು ಹೆಜ್ಜೆ ಚುರುಕು, ಎರಡು ಹೆಜ್ಜೆ ನಿಧಾನ. ಮತ್ತೆ ಎರಡು ಚುರುಕು, ಎರಡು ನಿಧಾನ. ಗ್ರೋಸರಿ ಅಂಗಡಿಯಲ್ಲಿ ಗಾಡಿ ತಳ್ಳುವಾಗಲೂ, ಯಾರದೋ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಪ್ರಸಾದದ ಸಾಲಿನಲ್ಲಿ ಮುಂದೆ ಸರಿಯುವಾಗಲೂ ಅರವತ್ತೊಂಬತ್ತರ ಆ ಕೃಶಕಾಯೆಯ ಪಾದಗಳು ಈ ಲಯವನ್ನು ಬಿಟ್ಟುಕೊಡುವುದಿಲ್ಲ. ಮಂಡಿ ನೋವೇ ಎಂದು ಮರುಕದಿಂದ ಕೇಳಿದವರಿಗೆ ಸಿಗುವ ಉತ್ತರದಲ್ಲಿ ಮರುಕವಿರುವುದಿಲ್ಲ: "ನನ್ನ ಮಂಡಿ ಚೆನ್ನಾಗಿದೆ. ನಿಮ್ಮದು ನೋಡ್ಕೊಳ್ಳಿ."

ಸಿಡುಕು ಅವರ ಸ್ಥಾಯೀಭಾವ. ಹೇಳಿದ ಹೊತ್ತಿಗೆ ಶುರುವಾಗದ ಸಮಾರಂಭ, ಕುದಿಸಿ ಕುದಿಸಿ ಕೊಲೆಮಾಡಿದ ಸಾರು, 'ಒಂದೇ ನಿಮಿಷ' ಎಂದು ಮೈಕು ಹಿಡಿದು ಇಪ್ಪತ್ತು ನಿಮಿಷ ಮಾತಾಡುವ ಅಧ್ಯಕ್ಷರು, ಎಲ್ಲವೂ ಅವರ ನೆಮ್ಮದಿಯ ಮೇಲೆ ನಡೆಯುವ ವೈಯಕ್ತಿಕ ದಾಳಿಗಳು. ಎದುರಿಗಿದ್ದವರು ಏನೇ ವಾದಿಸಲಿ, ಅಂಗೈಯನ್ನು ಗಾಳಿಯಲ್ಲಿ ಅಡ್ಡಡ್ಡ ಬೀಸಿ "ವಿಷಯ ಅದಲ್ಲ" ಎನ್ನುವುದು ಅವರ ಪಲ್ಲವಿ. ಸೀರೆಯಾಗಲಿ ಸಲ್ವಾರಾಗಲಿ, ಭಾನುವಾರ ಮಧ್ಯಾಹ್ನ ಅದರ ಕೆಳಗೆ ಒಂದು ಜೊತೆ ಕಂದು ಬೂಟುಗಳು. ನಾಲ್ಕು ಸಲ ಅಟ್ಟೆ ಬದಲಾಯಿಸಿದ, ಅದೂ ತೊಗಲಿನ ಅಟ್ಟೆಯೇ ಹಾಕಿಸಿದ ಬೂಟುಗಳು. ರಬ್ಬರು ನೆಲಕ್ಕೆ ಕಚ್ಚಿಕೊಳ್ಳುತ್ತದೆ, ಜಾರುವುದಿಲ್ಲ ಎಂಬ ಸತ್ಯವನ್ನು ಚಪ್ಪಲಿ ಅಂಗಡಿಯ ಎಳೆಯ ಹುಡುಗಿಗೆ ತಿಳಿಯಹೇಳಿ ತಿಳಿಯಹೇಳಿ ಅವರ ರಕ್ತದೊತ್ತಡ ಏರಿದ್ದುಂಟು.

ಈ ಬೂಟಿಗೂ ಈ ನಡಿಗೆಗೂ ಮೂಲ ಅವರು ಬಿಟ್ಟುಬಂದ ಮೈಸೂರಿನಲ್ಲಿಲ್ಲ. ಡ್ಯಾನ್‌ವಿಲ್‌ನ ಅವರ ಮನೆಯಿಂದ ಅರ್ಧ ಗಂಟೆ ಹೋಗಿ, ಫ್ರೀವೇ ಬಿಟ್ಟು ಒಣಹುಲ್ಲಿನ ಗುಡ್ಡಗಳ ನಡುವೆ ಒಳಸರಿದರೆ ಸಿಗುವ ಪುಟ್ಟ ಊರಿನಲ್ಲಿ ಬಕ್‌ಐ ಹಾಲ್ ಎಂಬ ಮರದ ಕಟ್ಟಡವಿತ್ತು. ಮಹಾಯುದ್ಧದ ಕಾಲದಲ್ಲಿ ಹಡಗು ಕಟ್ಟುವ ಕೆಲಸಕ್ಕೆಂದು ಒಕ್ಲಹೋಮಾ ಕಡೆಯಿಂದ ಕೊಲ್ಲಿಯ ತೀರಕ್ಕೆ ಬಂದಿಳಿದು, ತಮ್ಮ ಉಚ್ಚಾರಣೆಗೂ ತಮ್ಮ ಬಡತನಕ್ಕೂ ಇಲ್ಲಿನವರಿಂದ ನಗೆಪಾಟಲಾದ ಜನ, ರಜೆಯ ದಿನಗಳಲ್ಲಿ ತಾವೇ ಮೊಳೆ ಹೊಡೆದು ಎಬ್ಬಿಸಿದ ಕುಣಿತದ ಮನೆ ಅದು. ಪಿಟೀಲು, ಗಿಟಾರು, ಮಡಿಲಿನೆತ್ತರದ ಮೇಜಿನ ಮೇಲೆ ಮಲಗಿಸಿ ನುಡಿಸುವ ಸ್ಟೀಲ್ ಗಿಟಾರು. ಹಳೆಯ ಕಂಟ್ರಿ ಸಂಗೀತ ಬಿಟ್ಟು ಬೇರೇನಕ್ಕೂ ಅಲ್ಲಿ ಪ್ರವೇಶವಿರಲಿಲ್ಲ. ಜೋಡಿಗಳು ಮೇಪಲ್ ಹಲಗೆಯ ನೆಲದ ಮೇಲೆ ವೃತ್ತಾಕಾರವಾಗಿ, ನಮ್ಮ ಲೆಕ್ಕದಲ್ಲಿ ಅಪ್ರದಕ್ಷಿಣವಾಗಿ, ಸುತ್ತುತ್ತಿದ್ದವು.

ಎಂಬತ್ತೊಂಬತ್ತರ ಭೂಕಂಪದಲ್ಲಿ ಓಕ್ಲ್ಯಾಂಡಿನ ಎರಡಂತಸ್ತಿನ ಫ್ರೀವೇ ಕುಸಿದಾಗ ಮೈಥಿಲಿ ಅಲ್ಲಿನ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ಮೂರು ದಿನ ಮನೆಗೆ ಹೋಗಲಿಲ್ಲ. ಆಮೇಲೆ ಮೂರು ವಾರ ನಿದ್ದೆ ಹತ್ತಲಿಲ್ಲ. ಒಬ್ಬ ಲಾರಿ ಚಾಲಕನಿಗೆ ಹತ್ತರಿಂದ ಹಿಂದಕ್ಕೆ ಎಣಿಸು ಎಂದು ಹೇಳಿದ್ದರು. ಅವನು ಆರರವರೆಗೆ ಎಣಿಸಿದ್ದ, ಮತ್ತೆ ಏಳಲಿಲ್ಲ. ಕಣ್ಣು ಮುಚ್ಚಿದರೆ ಆ ಎಣಿಕೆ ಕೇಳುತ್ತಿತ್ತು. ಡಾರ್ಲೀನ್ ಎಂಬ ನರ್ಸು ಒಂದು ಭಾನುವಾರ ಅವರನ್ನು ಹೆಚ್ಚುಕಮ್ಮಿ ಬಲವಂತವಾಗಿ ಕಾರಿಗೆ ಹತ್ತಿಸಿ ಬಕ್‌ಐ ಹಾಲ್‌ಗೆ ಕರೆದೊಯ್ದಳು. ಅಲ್ಲಿ ಮುದುಕನೊಬ್ಬ ಕೈ ಹಿಡಿದು, ನಾಲ್ಕು ಹೆಜ್ಜೆಗಿಂತ ಮುಂದಿನದನ್ನು ಯೋಚಿಸಬೇಡಮ್ಮ ಎಂದಷ್ಟೇ ಹೇಳಿ ಸುತ್ತಿಸಿದ. ಆ ಸಂಜೆ ಮನೆಗೆ ಬಂದವರು ಬೂಟು ಬಿಚ್ಚುವುದಕ್ಕೂ ಮೊದಲೇ ಸೋಫಾದ ಮೇಲೆ ನಿದ್ದೆ ಹೋಗಿದ್ದರು.

ಅಲ್ಲಿಂದ ಮೂವತ್ತೈದು ವರ್ಷ ಭಾನುವಾರ ತಪ್ಪಲಿಲ್ಲ. ಪತಿ ದ್ವಾರಕಾನಾಥರು ಗೋಡೆ ಪಕ್ಕದ ಬೆಂಚಿನಲ್ಲಿ ಕೂತು ಪದಬಂಧ ತುಂಬಿಸುತ್ತಿದ್ದರು. ಅವರಿಗೆ ಕುಣಿತವೂ ಬೇಡ, ಹಾಡೂ ಬೇಡ; ಹೆಂಡತಿ ಹಗುರಾಗಿ ಮನೆಗೆ ಮರಳುವುದು ಮಾತ್ರ ಬೇಕು. ಇಲ್ಲಿನ ನಮ್ಮ ಕನ್ನಡದವರಲ್ಲಿ ಇದೊಂದು ಹರಟೆಯ ವಸ್ತುವಾಗಿತ್ತು. ಸ್ಟೀಲ್ ಗಿಟಾರು ಥೇಟ್ ನಮ್ಮ ವೀಣೆಯೇ ಎಂದು ಯಾರೋ ಮೆಚ್ಚಿಸಲು ಹೋಗಿ, ವೀಣೆ ವೀಣೆಯೇ, ಇದು ಇದೇ, ಎರಡಕ್ಕೂ ಅವಮಾನ ಮಾಡಬೇಡಿ ಎಂದು ಉಗಿಸಿಕೊಂಡರು.

ಆ ಕುಣಿತದ ಹಾಲನ್ನು ನಡೆಸುತ್ತಿದ್ದ ಯಜಮಾನ ತೀರಿಕೊಂಡ ಮೇಲೆ ಅವನ ಮಗಳು ಅದನ್ನು ಅಪಾರ್ಟ್‌ಮೆಂಟು ಕಟ್ಟುವವರಿಗೆ ಮಾರಿದಳು. ಸುತ್ತಲಿನ ಇಂಥ ಹಾಲುಗಳು ಒಂದೊಂದಾಗಿ ಜಿಮ್ಮುಗಳೂ ಕಾರು ಶೋರೂಮುಗಳೂ ಆಗಿದ್ದುದರಿಂದ ಮೈಥಿಲಿಯವರಿಗೆ ಆಶ್ಚರ್ಯವಾಗಲಿಲ್ಲ. ಮೈಯೆಲ್ಲ ಉರಿಯಿತು, ಅಷ್ಟೆ. ಉರಿ ಇಮ್ಮಡಿಸಿದ್ದು, ಹೊಸ ಕಟ್ಟಡದ ನಕ್ಷೆ ಮಾಡುತ್ತಿರುವ ಆರ್ಕಿಟೆಕ್ಟು ಸರಟೋಗಾದ ತಮ್ಮ ಗೆಳತಿ ಉಮಾಶ್ರೀಯ ಮಗ ಹರ್ಷನೇ ಎಂದು ತಿಳಿದಾಗ. ಮನೆಗೆ ಕರೆಸಿದರು. ಹರ್ಷ ಲ್ಯಾಪ್‌ಟಾಪು ಬಿಡಿಸಿ, ಚಿತ್ರ ತೋರಿಸುತ್ತ, ಸಮಾಧಾನದ ದನಿಯಲ್ಲಿ ಹೇಳಿದ:

"ಆಂಟಿ, ಹಿಸ್ಟರಿ ಪೂರ್ತಿ ಪ್ರಿಸರ್ವ್ ಮಾಡ್ತಿದೀವಿ. ಆ ಫ್ಲೋರಿದೆಯಲ್ಲ, ಅದನ್ನ ಎಸೆಯಲ್ಲ. ಲಾಬಿ ಗೋಡೆಗೆ ಹಾಕ್ತೀವಿ. ಕೆಳಗಡೆ ಲೈಟಿಂಗು."

ಮೈಥಿಲಿ ಆ ಚಿತ್ರದತ್ತ ಬೆರಳು ತೋರಿಸಿದರು. "ಗೋಡೆ ಮೇಲೆ ಹೇಗೆ ಕುಣಿಯೋದು ಹರ್ಷ?"

ಹರ್ಷ ನಕ್ಕ. ಅವರು ನಗಲಿಲ್ಲ.

ಊರಿನ ಸಮಿತಿಯ ಮುಂದೆ ಅಹವಾಲಿಗೆ ಒಬ್ಬೊಬ್ಬರಿಗೆ ಎರಡೆರಡು ನಿಮಿಷ. ಆ ಭೂಕಂಪದ ಮೂರು ವಾರಗಳನ್ನು, ಆ ಚಾಲಕನ ಎಣಿಕೆಯನ್ನು, ಯಾರಿಗೂ ಹೇಳದಿದ್ದುದನ್ನು ಹೇಳಬೇಕೆಂದು ಅವರು ಕಾಗದದಲ್ಲಿ ಬರೆದುಕೊಂಡೇ ಹೋಗಿದ್ದರು. ಆದರೆ ಅವರ ಸರದಿಗೆ ಸ್ವಲ್ಪ ಮುಂಚೆ ಅಧಿಕಾರಿಯೊಬ್ಬ ವರದಿ ಓದುತ್ತ ಹಾಲನ್ನು 'ಹಳೆಯ ಕೊಟ್ಟಿಗೆ' ಎಂದುಬಿಟ್ಟ. ಅದು ಕೊಟ್ಟಿಗೆಯಲ್ಲ, ಎಂದೂ ಕೊಟ್ಟಿಗೆಯಾಗಿರಲಿಲ್ಲ, ಹಲಗೆಯ ಅಡಿಯಲ್ಲಿ ಅಡ್ಡಪಟ್ಟಿಗಳನ್ನು ಕೊಟ್ಟು ಪಾದಕ್ಕೆ ತಕ್ಕಂತೆ ಬಾಗುವ ಹಾಗೆ ಕಟ್ಟಿದ ನೆಲ ಅದು, ಕಟ್ಟಿದ ವರ್ಷವನ್ನೂ ವರದಿಯಲ್ಲಿ ತಪ್ಪು ಬರೆದಿದ್ದೀರಿ ಎಂದು ತಿದ್ದತೊಡಗಿದ ಮೈಥಿಲಿಯವರು ಮೂರನೆಯ ತಪ್ಪಿಗೆ ಬರುವಷ್ಟರಲ್ಲಿ ಗಂಟೆ ಬಾರಿಸಿತು. ಕಾಗದ ಮಡಿಸಿದಂತೆಯೇ ಉಳಿಯಿತು. ಕೈಯೆತ್ತಿದ ಸದಸ್ಯರೆಲ್ಲ ಕಟ್ಟುವವರ ಕಡೆಗೇ ಎತ್ತಿದರು.

ವಾಪಸು ಬರುವಾಗ ಕಾರಿನಲ್ಲಿ ಅವರು ಮೊದಲು ಬೈದದ್ದು ಸಮಿತಿಯನ್ನು, ಆಮೇಲೆ ಟ್ರಾಫಿಕ್ಕನ್ನು. ಫ್ರೀವೇ ದಾಟಿದ ಮೇಲೆ ದನಿ ತಗ್ಗಿತು. "ಮುಖ್ಯವಾದ್ದು ಹೇಳಲೇ ಇಲ್ಲ ಕಣ್ರೀ," ಎಂದರು ಕೊನೆಗೆ. "ನನ್ನ ಬಾಯಿ." ದ್ವಾರಕಾನಾಥರು ಮನೆಯ ಕಡೆ ಕಾರು ತಿರುಗಿಸಿದರು.

ಕೊನೆಯ ಭಾನುವಾರ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹತ್ತು ವರ್ಷದಿಂದ ಇತ್ತ ತಲೆಹಾಕದವರು, ಒಮ್ಮೆಯೂ ಬಾರದವರು, ಹೊಸ ಟೋಪಿ ಕೊಂಡು ತಂದವರು, ಎಲ್ಲರೂ ಬಂದು ಗದ್ಗದಿತರಾಗಿ ಫೋನಿನಲ್ಲಿ ಚಿತ್ರ ತೆಗೆಯುತ್ತಿದ್ದರು. ಕುಣಿಯುವವರಿಗೆ ಮಾತ್ರ ನೆಲವಿಲ್ಲ. ಹೋದ ಭಾನುವಾರ ಎಲ್ಲಿದ್ದಿರಿ ಎಂದು ಮೈಥಿಲಿ ಸಿಕ್ಕಸಿಕ್ಕವರನ್ನು ಕೇಳುತ್ತ ಹೋದರು. ಜನ ಅದನ್ನೂ ವಿಡಿಯೋ ಮಾಡಿಕೊಂಡರು. ಹೊರಗಿನ ನಾಮಫಲಕದ ಮುಂದೆ ಎಲ್ಲರ ಚಿತ್ರ ತೆಗೆಯುತ್ತಾರೆಂದು ಸುದ್ದಿಯಾಗಿ ಗುಂಪು ಆಚೆ ಸುರಿದಾಗ, ಸ್ಟೀಲ್ ಗಿಟಾರಿನ ಮುದುಕ ಯಾರಿಗೂ ಹೇಳದೆ ನುಡಿಸಲು ಶುರುಮಾಡಿದ. ಉಳಿದಿದ್ದ ಹನ್ನೊಂದು ಜೋಡಿ ಒಂದೇ ಒಂದು ಹಾಡಿನಷ್ಟು ಹೊತ್ತು ಸುತ್ತಿದವು. ಊರುಗೋಲನ್ನು ಬೆಂಚಿಗೆ ಒರಗಿಸಿ ಡಾರ್ಲೀನಳೂ ಮೈಥಿಲಿಯ ಹೆಗಲು ಹಿಡಿದು ಅರ್ಧ ಸುತ್ತು ಬಂದಳು.

ತಿಂಗಳೊಪ್ಪತ್ತಿನ ಮೇಲೆ ಹರ್ಷ ಫೋನು ಮಾಡಿದ. ಲಾಬಿಯ ಗೋಡೆಗೆ ಬೇಕಾದದ್ದು ಸ್ವಲ್ಪವೇ ಹಲಗೆ, ಮಿಕ್ಕದ್ದು ಕಸಕ್ಕೆ ಹೋಗುತ್ತದೆ, ತರಲೇ ಎಂದ. ಬಾಡಿಗೆ ಟ್ರಕ್ಕಿನಲ್ಲಿ ತಂದೂ ಬಿಟ್ಟ. ಮೊಳೆ ಕಿತ್ತ ರೀತಿಯನ್ನು ಕಂಡು ಮೈಥಿಲಿ ಕಿಡಿಕಾರಿದರು. ಮುಕ್ಕಾಲು ಪಾಲು ಸೀಳಿಹೋಗಿತ್ತು. ಕಾರುಗಳನ್ನು ರಸ್ತೆಗೆ ತಳ್ಳಿ ಗರಾಜಿನಲ್ಲಿ ಹಾಸಿದಾಗ ಎರಡು ಜೋಡಿ ಮಾತ್ರ ಸುತ್ತಬಹುದಾದಷ್ಟು ನೆಲವಾಯಿತು. ಅಡಿಯಲ್ಲಿ ಕಾಂಕ್ರೀಟು, ಒಂದು ಚೂರೂ ಬಾಗುವುದಿಲ್ಲ, ಇದೂ ಒಂದು ನೆಲವೇ ಎಂದು ಅವರು ಗೊಣಗುತ್ತಿದ್ದಾಗ, ಮಂಡಿಯೂರಿ ಹಲಗೆ ಕೂಡಿಸುತ್ತಿದ್ದ ಹರ್ಷ ತಲೆಯೆತ್ತಿ, ಇದರ ಮೇಲೆ ನಿಮಗೆ ಯಾಕೆ ಇಷ್ಟೊಂದು ಎಂದು ಕೇಳಿದ. ಮೈಥಿಲಿ ಹೇಳಿದರು. ಭೂಕಂಪ, ಚಾಲಕ, ಆರಕ್ಕೆ ನಿಂತ ಎಣಿಕೆ. ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ. ಎರಡು ನಿಮಿಷಕ್ಕೂ ಕಡಿಮೆ.

"ಇದನ್ನ ಅವತ್ತು ಮೀಟಿಂಗಲ್ಲಿ ಹೇಳಿದ್ರೆ..." ಎಂದ ಹರ್ಷ.

"ಹೇಳಿದ್ರೆ?"

ಅವನು ಯೋಚಿಸಿದ. ಸುಳ್ಳು ಹೇಳಬಾರದೆಂದು ನಿರ್ಧರಿಸಿದಂತೆ ಕಂಡಿತು. "ವೋಟೇನೂ ಚೇಂಜ್ ಆಗ್ತಿರ್ಲಿಲ್ಲ ಆಂಟಿ. ಆದ್ರೆ ನಾನು ಇದನ್ನ ಗೋಡೆಗೆ ಹಾಕ್ತಿರ್ಲಿಲ್ಲ."

ಈಗ ಭಾನುವಾರ ಮೂರು ಗಂಟೆಗೆ ಆ ಗರಾಜಿನಲ್ಲಿ ಏಳೆಂಟು ಜನ ಸೇರುತ್ತಾರೆ. ಎರಡೆರಡು ಜೋಡಿಯ ಸರದಿ, ಮಿಕ್ಕವರು ಬಾಗಿಲಲ್ಲಿ ನಿಂತು ಕಾಯುತ್ತಾರೆ. ಮೂರೂ ಐದಕ್ಕೆ ಬಂದವರಿಗೆ ಬೈಗುಳ ಖಾತ್ರಿ.

ಕಳೆದುಹೋದದ್ದನ್ನು ನೆನೆದು ಸೊಗಸಾಗಿ ನಿಟ್ಟುಸಿರಿಡಬಲ್ಲವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಅವರ ದುಃಖಕ್ಕೆ ಒಳ್ಳೆಯ ಮಾತು ಗೊತ್ತು, ಒಳ್ಳೆಯ ಬೆಳಕು ಗೊತ್ತು. ಇನ್ನೊಂದು ಜಾತಿಯ ಜನರಿದ್ದಾರೆ. ಪ್ರೀತಿಯನ್ನು ಪ್ರೀತಿಯೆಂದು ಹೇಳುವ ವಿದ್ಯೆ ಕಲಿಯದೆ, ಜೀವಮಾನವಿಡೀ ಅದನ್ನು ಆಕ್ಷೇಪಣೆಯಾಗಿಯೇ ಆಡಿ, ಹೇಳಬೇಕಾದ ಗಳಿಗೆಯಲ್ಲಿ ಸಣ್ಣ ತಪ್ಪೊಂದನ್ನು ತಿದ್ದುತ್ತ ಸೋತುಹೋಗುವವರು. ಅವರ ಜೊತೆ ಬಾಳುವುದು ಸುಲಭವಲ್ಲ. ಅವರೊಡನೆ ವಾದಕ್ಕಿಳಿದವರು ತಲೆನೋವು ತಂದುಕೊಳ್ಳುತ್ತಾರೆ. ಆದರೆ ಉಳಿದವರೆಲ್ಲ ಬೀಳ್ಕೊಟ್ಟು ಮನೆಗೆ ಹೋದ ಮೇಲೆ, ಒಡೆದುಹೋದದ್ದರ ಮುಂದೆ ಗೊಣಗುತ್ತ ಕೂತು, ಇದು ಸರಿಯಿಲ್ಲ, ಇದೂ ಸರಿಯಿಲ್ಲ ಎಂದು ಒಂದೊಂದೇ ಚೂರನ್ನು ಜೋಡಿಸುತ್ತಿರುವವರು ಯಾರೆಂದು ನೋಡಿದರೆ, ಸಾಮಾನ್ಯವಾಗಿ ಇವರೇ ಆಗಿರುತ್ತಾರೆ.