ಮೂರು ಮೈಲಿ, ಸುಲಭದ ದಾರಿ

"ಇದು ನನ್ನದಲ್ಲ."

ದೇವರಮನೆಯಿಂದ ಅತ್ತೆಯ ದನಿ ಕೇಳಿದಾಗ ಮಹಾನಂದ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದಳು. ಕೈ ತಾನಾಗಿ ಎದೆಯ ಮೇಲಿನ ಇಷ್ಟಲಿಂಗದ ಬೆಳ್ಳಿ ಕರಡಿಗೆಗೆ ಹೋಯಿತು. ಎಲ್ಲಿ ಎಡವಟ್ಟಾಯಿತೆಂದು ಅವಳಿಗೆ ಆ ಕ್ಷಣಕ್ಕೇ ಗೊತ್ತಾಯಿತು.

ಹಿಂದಿನ ಸಂಜೆ ಅತ್ತೆಯ ಕರಡಿಗೆ, ತನ್ನ ಕರಡಿಗೆ ಎರಡನ್ನೂ ಮುಂದಿಟ್ಟುಕೊಂಡು ಹೊಸ ಶಿವದಾರ ಕಟ್ಟಲು ಕೂತಿದ್ದಳು. ಎರಡೂ ಮಾವ ಒಂದೇ ಅಕ್ಕಸಾಲಿಯ ಹತ್ತಿರ ಮಾಡಿಸಿದ್ದವು, ಹೊರಗಿನಿಂದ ಗುರುತು ಹಿಡಿಯುವ ಹಾಗಿರಲಿಲ್ಲ. ಅಷ್ಟರಲ್ಲಿ ಸಿಲಿಂಡರಿನವನು ಬೆಲ್ ಒತ್ತಿದ. ಎದ್ದು ಹೋಗಿ ಬಂದವಳು ಅದಲು ಬದಲಾಗಿ ಕಟ್ಟಿಬಿಟ್ಟಿದ್ದಳು. ಅಷ್ಟೇ ಆಗಿದ್ದರೆ ನಾಲ್ಕು ಬೈಗುಳ ತಿಂದು ಮುಗಿಸಬಹುದಿತ್ತು. ಆದರೆ ಗುರುಬಸಮ್ಮನವರ ಅಂಗೈಯಲ್ಲಿ ಈಗ ಕೂತಿದ್ದದ್ದು ಸೊಸೆಯ ಇಷ್ಟಲಿಂಗವೂ ಅಲ್ಲ. ಅದು ಇಂಗ್ಲೆಂಡಿನ ಹೊಲದ ದಾರಿಯ ಒಂದು ಕಲ್ಲು.

ಪಾತ್ರೆ ಅಂಗಡಿಗೆ ಹೊರಟಿದ್ದ ವೀರಭದ್ರಯ್ಯ ತಾಯಿಯ ಕೂಗಿಗೆ ಒಳಗೆ ಬಂದರು. ಇನ್ನೊಬ್ಬರ ಲಿಂಗ ಮುಟ್ಟುವಂತಿಲ್ಲವಲ್ಲ, ದೂರದಿಂದಲೇ ಬಗ್ಗಿ ನೋಡಿದರು.

"ಇದೇ ಅಲ್ವೇನಮ್ಮಾ? ಕಪ್ಪಗೆ, ಗುಂಡಗೆ, ಸರಿಯಾಗೇ ಇದೆ."

"ಅರವತ್ತೈದು ವರ್ಷ ಅಂಗೈಲಿಟ್ಟು ಪೂಜೆ ಮಾಡಿದೀನಿ. ಕಣ್ಣು ಹೋಗಿರ್ಬೋದು, ಕೈ ಹೋಗಿಲ್ಲ. ನನ್ನ ಲಿಂಗ ಎಲ್ಲೋ ಬಿದ್ದಿದೆ, ಹುಡುಕಿ. ಸಿಗೋತನಕ ನನ್ನ ಬಾಯಿಗೆ ನೀರು ಸಹ ಹಾಕ್ಬೇಡಿ."

ಅವರು ಮಾತು ಮುಗಿಸಿದ್ದರು. ವೀರಭದ್ರಯ್ಯ ಅಡುಗೆಮನೆಗೆ ಬಂದು ಹೆಂಡತಿಗೆ ಮೆಲ್ಲಗೆ, "ಅರುಳು ಮರುಳು ಶುರುವಾಯ್ತು ಕಣೆ," ಎಂದರು. ಮಹಾನಂದ ಸೀದುಹೋದ ರವೆಯನ್ನು ನೋಡುತ್ತ ನಿಂತಿದ್ದಳು. ಹೇಳಬಹುದಿತ್ತು. ಅವಳು ರವೆಯನ್ನು ಚೆಲ್ಲಿ ಬಾಣಲೆ ತೊಳೆಯತೊಡಗಿದಳು.

ಏಳು ತಿಂಗಳ ಹಿಂದೆ ಅವಳು ಇಂಗ್ಲೆಂಡಿಗೆ ಹೋದದ್ದು ತಂಗಿಯ ಮಗಳು ಐಶ್ವರ್ಯಳ ಬಾಣಂತನಕ್ಕೆ. ತಂಗಿಗೆ ಮಂಡಿ ಆಪರೇಷನ್ ಆಗಿದ್ದರಿಂದ ಆ ಪಾಳಿ ಇವಳಿಗೆ ಬಂದಿತ್ತು. ಹೊರಡುವಾಗ ಗುರುಬಸಮ್ಮ ಹೇಳಿದ್ದು ಒಂದೇ ಮಾತು: "ಏನು ಕಳ್ಕೊಂಡ್ರೂ ಪರವಾಗಿಲ್ಲ, ಕೊರಳಲ್ಲಿರೋದನ್ನ ಜೋಪಾನ." ಕರಡಿಗೆಯ ಮುಚ್ಚಳ ಸ್ವಲ್ಪ ಸಡಿಲವಾಗಿತ್ತು. ಚಿಕ್ಕಪೇಟೆಗೆ ಹೋಗಿ ಸರಿಮಾಡಿಸಬೇಕೆಂದುಕೊಂಡವಳು ಸಾರಿನಪುಡಿ, ಚಟ್ನಿಪುಡಿ ಕಟ್ಟುವ ಗಡಿಬಿಡಿಯಲ್ಲಿ ಮರೆತಳು.

ಅಲ್ಲಿ ಮಗು ಚೆನ್ನಾಗಿತ್ತು. ತಾಯಿ ಚೆನ್ನಾಗಿರಲಿಲ್ಲ. ಐಶ್ವರ್ಯ ಕಿಟಕಿಯ ಹತ್ತಿರ ಕೂತರೆ ಕೂತೇ ಇರುತ್ತಿದ್ದಳು, ಹಾಲುಣಿಸುವಾಗ ಅವಳ ಕಣ್ಣಿಂದ ನೀರಿಳಿಯುತ್ತಿತ್ತು. ಎರಡು ತಿಂಗಳಲ್ಲಿ ಅವಳು ಒಮ್ಮೆಯೂ ನಕ್ಕದ್ದನ್ನು ಮಹಾನಂದ ಕಾಣಲಿಲ್ಲ. ಹಾಗಿರುವಾಗ ಒಂದು ಬೆಳಿಗ್ಗೆ ಅವಳಾಗಿಯೇ ಲೈಬ್ರರಿಯಿಂದ ತಂದ ಕರಪತ್ರವೊಂದನ್ನು ಹಿಡಿದು ಬಂದಳು.

"ದೊಡ್ಡಮ್ಮಾ, ಹೋಗ್ಬರೋಣ್ವಾ? ಈ ಊರಿಂದ ಪಕ್ಕದ ಊರಿಗೆ ಹೊಲದ ಮೇಲೆ ನಡ್ಕೊಂಡು ಹೋಗೋದು. ಮೂರೇ ಮೈಲಿ. ಸುಲಭದ ದಾರಿ ಅಂತ ಬರೆದಿದಾರೆ. ಪಾಪೂನ ಅಮರ್ ನೋಡ್ಕೋತಾರೆ."

ಬೇಡ ಎನ್ನಲು ಯಾವ ದೊಡ್ಡಮ್ಮನಿಗೆ ಬಾಯಿ ಬರುತ್ತದೆ? ಸೀರೆಯ ಮೇಲೆ ಅಳಿಯ ಅಮರನ ಕೋಟು, ಕಾಲಿಗೆ ಐಶ್ವರ್ಯಳ ಶೂಸು ಹಾಕಿಕೊಂಡು ಹೊರಟಳು. ಚರ್ಚಿನ ಹಿಂದಿನ ಸಣ್ಣ ಗೇಟಿನಿಂದ ದಾರಿ ಶುರು. ಎರಡೂ ಕಡೆ ನಮ್ಮ ಸಾಸಿವೆಯಂಥ ಹಳದಿ ಹೂವಿನ ಹೊಲ, ಆಮೇಲೆ ಕುರಿ ಮೇಯುವ ಹುಲ್ಲು, ಒಂದು ಹಳ್ಳ, ಅದಕ್ಕೊಂದು ಮೋಟು ಸೇತುವೆ. ಗಾಂಧಿ ಬಜಾರಿಗೆ ಹೋಗಿ ಪತ್ರೆ, ಹೂವು, ಸೊಪ್ಪು ತರುವಷ್ಟೇ ದಣಿವು, ಆದರೆ ಯಾರೂ ಮೈಗೆ ತಾಗುವುದಿಲ್ಲ, ಯಾರೂ ಹಾರನ್ ಹೊಡೆಯುವುದಿಲ್ಲ. ಇಷ್ಟು ದೊಡ್ಡ ಜಾಗದಲ್ಲಿ ಜನರೆಲ್ಲ ಎಲ್ಲಿ ಹೋದರೆಂದು ಅವಳಿಗೆ ಸಣ್ಣ ಅನುಮಾನವೂ ಬಂತು.

ಬೇಲಿಗಳಿದ್ದಲ್ಲಿ ದಾಟಲು ಎರಡು ಹಲಗೆಯ ಮೆಟ್ಟಿಲು. ಮೂರನೆಯ ಬೇಲಿಯಲ್ಲಿ ಸೀರೆ ಗೂಟಕ್ಕೆ ಸಿಕ್ಕಿ, ಮಹಾನಂದ ಅತ್ತ ಒಂದು ಕಾಲು ಇತ್ತ ಒಂದು ಕಾಲು ಹಾಕಿ ಮೇಲೇ ಉಳಿದಳು. ಬಗ್ಗಿ ಬಿಡಿಸಿಕೊಳ್ಳುವಾಗ ಕರಡಿಗೆ ಹೊರಗೆ ಜೋತು ಗೂಟಕ್ಕೆ ಟಣ್ ಎಂದು ಬಡಿಯಿತು. "ದೊಡ್ಡಮ್ಮ ಕುದುರೆ ಹತ್ತಿದೀರ!" ಎಂದು ಐಶ್ವರ್ಯ ನಕ್ಕಳು. ನಕ್ಕೂ ನಕ್ಕೂ ಹುಲ್ಲಿನ ಮೇಲೇ ಕೂತಳು. ಆ ನಗು ನೋಡುತ್ತ ಮಹಾನಂದಳಿಗೆ ಬೇರೇನೂ ಗಮನಕ್ಕೆ ಬರಲಿಲ್ಲ.

ಆ ಕಡೆಯ ಊರಿನಲ್ಲಿ ಒಂದು ಟೀ ಅಂಗಡಿ. ಐಶ್ವರ್ಯ ಕೇಕು, ಟೀ ತರಿಸಿದಳು. ತಿನ್ನುವ ಮುಂಚೆ ಕರಡಿಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ಮಹಾನಂದಳ ಹುಟ್ಟಿನಿಂದ ಬಂದ ಅಭ್ಯಾಸ. ಕೈ ಹೋಯಿತು. ಮುಚ್ಚಳ ಬಾಯಿ ಬಿಟ್ಟಿತ್ತು. ಒಳಗೆ ಏನೂ ಇರಲಿಲ್ಲ.

ಲಿಂಗ ಹೋದಮೇಲೆ ತುತ್ತು ಮುಟ್ಟುವಂತಿಲ್ಲ, ಇದು ಆ ಮನೆಯಲ್ಲಿ ಮಕ್ಕಳಿಗೂ ಗೊತ್ತು. ಎದುರಿಗೆ ಐಶ್ವರ್ಯ ಕೆನ್ನೆ ಕೆಂಪಗೆ ಮಾಡಿಕೊಂಡು, "ತಿನ್ನಿ ದೊಡ್ಡಮ್ಮಾ, ತಣ್ಣಗಾಗತ್ತೆ," ಎನ್ನುತ್ತಿದ್ದಳು. ಹೇಳಿದರೆ ಈ ಹುಡುಗಿ, ನನ್ನಿಂದಾಗಿ ಹೀಗಾಯಿತೆಂದು ಮತ್ತೆ ಆ ಕಿಟಕಿಗೆ ಹೋಗಿ ಕೂರುತ್ತಾಳೆ. ಮಹಾನಂದ ಕೇಕು ತಿಂದಳು. ಅದು ಸಿಹಿಯಾಗಿಯೇ ಇತ್ತು, ಅದೇ ಅವಳಿಗೆ ಇವತ್ತಿಗೂ ಸಹಿಸಲಾಗದ ಸಂಗತಿ.

ಮರುದಿನ ಒಬ್ಬಳೇ ಕರಪತ್ರ ಹಿಡಿದು ಹೋದಳು. ಮೂರು ಮೈಲಿ ಹೋಗುತ್ತ, ಮೂರು ಮೈಲಿ ಬರುತ್ತ ನೆಲ ನೋಡಿಕೊಂಡೇ ನಡೆದಳು. ಹುಲ್ಲಿನಲ್ಲಿ ಕಪ್ಪಗೆ ಗುಂಡಗೆ ಕಂಡಲ್ಲೆಲ್ಲ ಎದೆ ಹಾರಿ ಬಗ್ಗಿದಳು. ಪ್ರತಿಸಲವೂ ಅದು ಕುರಿಯ ಹಿಕ್ಕೆ. ಕೊನೆಗೆ ಹಳ್ಳದ ದಂಡೆಯಲ್ಲಿ ಸಿಕ್ಕಿದ ನುಣುಪಾದ ಒಂದು ಕರಿಕಲ್ಲನ್ನು ತೊಳೆದು ಕರಡಿಗೆಯಲ್ಲಿಟ್ಟುಕೊಂಡು ಬಂದಳು. ಮಠಕ್ಕೆ ಹೋಗಿ ಗುರುಗಳ ಕಾಲಿಗೆ ಬಿದ್ದರೆ ಬೇರೆ ಲಿಂಗ ಕೊಡುತ್ತಾರೆ. ಆದರೆ ಅದಕ್ಕೆ ಮನೆಯಲ್ಲಿ ಹೇಳಬೇಕು. ಇವತ್ತು, ನಾಳೆ ಎನ್ನುತ್ತ ಐದು ತಿಂಗಳು ಆ ಕಲ್ಲಿಗೇ ವಿಭೂತಿ, ಪತ್ರೆ ಏರಿಸುತ್ತ ಬಂದಿದ್ದಳು.

ಈಗ ಅತ್ತೆ ಉಪವಾಸ ಕೂತಿದ್ದರು. ಎಂಬತ್ತನಾಲ್ಕರ ಜೀವ, ಮಧ್ಯಾಹ್ನದ ಹೊತ್ತಿಗೆ ತುಟಿ ಒಣಗಿತ್ತು. ಮಹಾನಂದಳೂ ಏನನ್ನೂ ಮುಟ್ಟಲಿಲ್ಲ. ಮೂರು ಗಂಟೆಗೆ ಅತ್ತೆಗೆ ಜೊಂಪು ಹತ್ತಿದಾಗ ಕಳ್ಳಿಯ ಹಾಗೆ ಹೋಗಿ, ಎರಡೂ ಕರಡಿಗೆ ತೆರೆದು, ಒಳಗಿದ್ದದ್ದನ್ನು ಬದಲಿಸಿದಳು. ಎದ್ದಮೇಲೆ, "ಅತ್ತೆ, ಇನ್ನೊಂದ್ಸಲ ನೋಡಿ," ಎಂದಳು.

ಗುರುಬಸಮ್ಮ ಅಂಗೈಗೆ ತೆಗೆದುಕೊಂಡು ಹೆಬ್ಬೆರಳಾಡಿಸಿದರು. ತಿರುಗಿಸಿ ಮತ್ತೊಮ್ಮೆ ಆಡಿಸಿದರು.

"ನನ್ನದೇ," ಎಂದರು. "ಬೆಳಿಗ್ಗೆ ನಂಗೆ ಯಾಕೆ ಹಾಗಾಯ್ತೋ."

ಪೂಜೆ ಮಾಡಿದರು, ಎರಡು ತುತ್ತು ಉಂಡರು. ಗಂಡಾಂತರ ಕಳೆಯಿತೆಂದುಕೊಂಡ ಮಹಾನಂದ ಮರುದಿನ ಬೆಳಿಗ್ಗೆ ಎಂದಿನಂತೆ ಹುರುಳಿಕಾಳಿನ ಮೊರ ತಂದು ಅವರ ಮುಂದಿಟ್ಟಳು. ಕಣ್ಣು ಹೋದಮೇಲೂ ಬೆರಳಿನಿಂದಲೇ ಕಲ್ಲು ಆರಿಸುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಅದೊಂದು ಅವರ ಜಂಬ.

ಗುರುಬಸಮ್ಮ ಮೊರವನ್ನು ಆಚೆ ತಳ್ಳಿದರು. "ಇನ್ಮೇಲೆ ನೀನೇ ಆರಿಸ್ಕೋ. ಲಿಂಗ ಯಾವ್ದು ಕಲ್ಲು ಯಾವ್ದು ಗೊತ್ತಾಗದ ಕೈ ಇದು. ಯಾರ ಹಲ್ಲಾದ್ರೂ ಮುರ್ದೀತು."

ಹಾಲ್‌ನಿಂದ ವೀರಭದ್ರಯ್ಯನವರ ದನಿ ಕೇಳುತ್ತಿತ್ತು. ಮರೆವಿನ ಡಾಕ್ಟರ ಹತ್ತಿರ ಹೆಸರು ಬರೆಸುತ್ತಿದ್ದರು. ಗುರುಬಸಮ್ಮ ಎರಡೂ ಕೈಯನ್ನು ಮಡಿಲಲ್ಲಿ ಮಲಗಿಸಿಕೊಂಡು ಕೂತಿದ್ದರು.

ಮಹಾನಂದಳಿಗೆ ಇನ್ನು ತಡೆಯಲಾಗಲಿಲ್ಲ. ಕರಡಿಗೆ ಬಿಚ್ಚಿ ಕಲ್ಲನ್ನು ಅತ್ತೆಯ ಅಂಗೈಯಲ್ಲಿಟ್ಟಳು.

ಹೆಬ್ಬೆರಳು ಒಂದೇ ಸುತ್ತು ಬಂತು. "ನಿನ್ನೆ ಬೆಳಿಗ್ಗೆ ಸಿಕ್ಕಿದ್ದು ಇದೇ! ಹಂಗಾದ್ರೆ ನನ್ನ ಕೈ ಸರಿಯಾಗೇ ಇತ್ತು!" ಮುದುಕಿಯ ಮುಖ ಅರಳಿತು. ಆಮೇಲೆ ನಿಧಾನಕ್ಕೆ ಬಿಗಿಯಿತು. "ಇದು ನಿನ್ನ ಕೊರಳಿಗೆ ಹೇಗೆ ಬಂತು?"

ಅವಳು ಅತ್ತೆಯ ಕಾಲ ಬಳಿ ಕೂತು ಬೇಲಿ, ನಗು, ಟೀ ಅಂಗಡಿ ಎಲ್ಲವನ್ನೂ ಹೇಳಿದಳು.

"ಅವತ್ತು ತಿಂದ್ಯಾ?"

"ತಿಂದೆ ಅತ್ತೆ. ಅವತ್ತಿಂದ ದಿನಾ ತಿಂದೆ."

ಗುರುಬಸಮ್ಮ ಕಲ್ಲನ್ನು ಕೆಳಗಿಟ್ಟರು. "ಆ ಹುಡುಗೀಗೆ ಗೊತ್ತಾ?"

"ಇಲ್ಲ."

"ಗೊತ್ತಾಗೋದು ಬೇಡ." ಕಲ್ಲನ್ನು ಬೆರಳಿನಿಂದ ಆಚೆ ಸರಿಸಿದರು. "ಲಿಂಗಕ್ಕೆ ನೀನು ಮಾಡಿದ್ದನ್ನ ಗುರುಗಳು ನೋಡ್ಕೋತಾರೆ, ನಾಳೆ ಮಠಕ್ಕೆ ಹೋಗೋಣ. ಅಲ್ಲೀವರೆಗೂ ಉಣ್ಬೇಡ. ಆದ್ರೆ ನನ್ನ ಕೈಗೆ ಮಾಡಿದ್ಯಲ್ಲ ಮಹಾನಂದಾ, ಒಂದು ದಿನ ಪೂರ್ತಿ ನನ್ನನ್ನ ಹುಚ್ಚಿ ಅನ್ನಿಸಿದ್ಯಲ್ಲ, ಅದನ್ನ ನೀನೇ ಹೋಗಿ ಅವನಿಗೆ ಹೇಳು. ಈಗ್ಲೇ."

ಮಹಾನಂದ ಎದ್ದಳು. ಹಾಲ್‌ಗೆ ಹತ್ತು ಹೆಜ್ಜೆಯೂ ಇರಲಿಲ್ಲ. "ಎಂಬತ್ತನಾಲ್ಕು ವಯಸ್ಸು, ಹೌದು, ನಿನ್ನೆಯಿಂದ ಜಾಸ್ತಿಯಾಗಿದೆ," ಎನ್ನುತ್ತಿದ್ದರು ವೀರಭದ್ರಯ್ಯ. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ರೀ, ಫೋನ್ ಇಡಿ. ಅಮ್ಮಂಗೆ ಏನೂ ಆಗಿಲ್ಲ."

ಅವಳ ಹಿಂದೆ, ಮೊರವನ್ನು ಹತ್ತಿರ ಎಳೆದುಕೊಂಡ ಸದ್ದಾಯಿತು.